ಪಾಲಾಗುವ ಜೇನು, ಪಾಲಾಗುವ ಮನೆ



ನಮ್ಮ ಘಟ್ಟದ ತಪ್ಪಲಿನ ಊರುಗಳಲ್ಲಿ ‘ಪಾಲಾಗುವುದು’ ಎಂಬ ಒಂದೇ ಮಾತನ್ನು ಎರಡು ಕಡೆ ಬಳಸುತ್ತೇವೆ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡು ಬೇರೆಯಾದರೆ ಮನೆ ಪಾಲಾಯಿತು ಎನ್ನುತ್ತೇವೆ. ಒಂದು ಜೇನು ಕುಟುಂಬ ಎರಡಾಗಿ, ಒಂದು ಭಾಗ ಹಾರಿಹೋದರೆ ಜೇನು ಪಾಲಾಯಿತು ಎನ್ನುತ್ತೇವೆ. ಧರ್ಮಗುರುವಾದ ನಾನು ಮೊದಲನೆಯ ಪಾಲನ್ನು ಬಹಳ ಕಂಡಿದ್ದೇನೆ. ಅದರ ಕಣ್ಣೀರನ್ನೂ ಕಂಡಿದ್ದೇನೆ. ಎರಡನೆಯದನ್ನು ತಿಳಿದದ್ದು ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನನ್ನ ತಪ್ಪು

ಗುರುದೀಕ್ಷೆ ಪಡೆದ ಹೊಸತು. ನಾನಿದ್ದ ಧರ್ಮಕೇಂದ್ರದ ಗಂಟೆಗೋಪುರದಲ್ಲಿ ಹೆಜ್ಜೇನು ಗೂಡು ಕಟ್ಟಿತ್ತು. ಮೇ ತಿಂಗಳಲ್ಲಿ ಊರಹಬ್ಬ. ಗಂಟೆ ಬಾರಿಸಿದರೆ ಜೇನು ಎದ್ದೀತು, ಜನರಿಗೆ ಕಚ್ಚೀತು ಎಂಬ ಹೆದರಿಕೆ. ಸುಟ್ಟುಬಿಡೋಣ ಎಂದು ಕೆಲವರು ಹೇಳಿದರು, ನಾನು ತಲೆಯಾಡಿಸಿದೆ. ಅಂದು ರಾತ್ರಿ ಪಂಜು ಹಿಡಿದು ಸುಟ್ಟರು. ಯಾರಿಗೂ ಒಂದು ಕಡಿತವೂ ಆಗಲಿಲ್ಲ.

ಮರುದಿನ ಬೆಳಗಿನ ಪೂಜೆಗೆ ಬಂದವರು ಮೆಟ್ಟಿಲ ಮೇಲೆ ಕಾಲಿಡಲು ಜಾಗ ಹುಡುಕಬೇಕಾಯಿತು. ಅಷ್ಟು ನೊಣಗಳು ಸತ್ತು ಬಿದ್ದಿದ್ದವು. ಕೆಲವು ಇನ್ನೂ ರೆಕ್ಕೆ ಅಲುಗಿಸುತ್ತಿದ್ದವು. ದಿನವೂ ಪೂಜೆಗೆ ಬರುತ್ತಿದ್ದ ಹಿರಿಯರೊಬ್ಬರು ಅವನ್ನು ಗುಡಿಸಿ ಒಂದು ಕಡೆ ರಾಶಿ ಮಾಡಿ, “ಫಾದರ್, ಇನ್ನೊಂದು ಮೂರು ವಾರ ಕಾದಿದ್ದರೆ ಆಗುತ್ತಿತ್ತು. ಮಳೆ ಹಿಡಿಯುವ ಮೊದಲು ಇವು ಬಯಲುಸೀಮೆಗೆ ತಾವೇ ಹೋಗುತ್ತವೆ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲ ಓದಿ ಬಂದಿದ್ದೆ. ಹೆಜ್ಜೇನು ವಲಸೆ ಹೋಗುತ್ತದೆ ಎಂಬ, ಊರಿನ ಮಕ್ಕಳಿಗೂ ಗೊತ್ತಿದ್ದ ಮಾತನ್ನು ಕೇಳಿ ತಿಳಿಯುವ ವಿನಯ ಮಾತ್ರ ನನ್ನಲ್ಲಿರಲಿಲ್ಲ.

ಆ ಮೇಲೆ ನಾನು ಜೇನು ಸಾಕುವವರ ಹತ್ತಿರ ಕುಳಿತು ಕಲಿಯತೊಡಗಿದೆ.

ಜೇನಿನ ವರ್ಷ, ಧರ್ಮಸಭೆಯ ವರ್ಷ

ನಮ್ಮಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೇನುಗಳಿವೆ. ಎತ್ತರದ ಮರ, ಬಂಡೆ, ಕಟ್ಟಡಗಳಿಗೆ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಂಡಿರುವ, ಮುಳ್ಳಿಲ್ಲದ ಮುಜಂಟಿ. ಮತ್ತು ಮರದ ಪೊಟರೆ, ಹುತ್ತ, ಗೋಡೆಗಳ ಒಳಗೆ ಸಾಲಾಗಿ ಹಲವು ಎರಿ ಕಟ್ಟುವ ತುಡುವೆ. ನಮ್ಮ ಹಿರಿಯರು ಪೆಟ್ಟಿಗೆಯಲ್ಲಿಟ್ಟು ಸಾಕುತ್ತ ಬಂದದ್ದು ತುಡುವೆಯನ್ನು. ಅದರ ಗಾತ್ರಕ್ಕೆ ಹೊಂದುವ, ಚೌಕಟ್ಟುಗಳನ್ನು ಎತ್ತಿ ನೋಡಬಹುದಾದ ಪೆಟ್ಟಿಗೆಯನ್ನು 1910ರ ದಶಕದಲ್ಲಿ ರೂಪಿಸಿ ದಕ್ಷಿಣ ಭಾರತದಲ್ಲಿ ಅನೇಕರಿಗೆ ಕಲಿಸಿದವರು ನ್ಯೂಟನ್ ಎಂಬ ಧರ್ಮಗುರು. ಇಂದಿಗೂ ಅದಕ್ಕೆ ‘ನ್ಯೂಟನ್ ಪೆಟ್ಟಿಗೆ’ ಎಂದೇ ಹೆಸರು. ಒಬ್ಬ ಗುರು ಊರಿಗೆ ಬಿಟ್ಟುಹೋಗಬಹುದಾದ ಕಾಣಿಕೆ ಇದು.

ತುಡುವೆಯ ವರ್ಷ ಮಳೆಯಿಂದ ಆರಂಭವಾಗುತ್ತದೆ ಎನ್ನಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಹೂವಿಲ್ಲ, ಇದ್ದರೂ ಮಕರಂದ ತೊಳೆದುಹೋಗಿರುತ್ತದೆ, ಹೊರಗೆ ಹಾರಲು ಬಿಡುವಿಲ್ಲ. ಕೂಡಿಟ್ಟದ್ದನ್ನೇ ಉಣ್ಣಬೇಕು. ರಾಣಿ ಮೊಟ್ಟೆಯಿಡುವುದು ಕಡಿಮೆಯಾಗಿ ಕುಟುಂಬ ಚಿಕ್ಕದಾಗುತ್ತದೆ. ನೊಣಗಳಿಲ್ಲದ ಖಾಲಿ ಎರಿಗೆ ಮೇಣದ ಹುಳು ಹತ್ತುತ್ತದೆ, ಇರುವೆ ಕಾಯುತ್ತಿರುತ್ತದೆ. ಒಳ್ಳೆಯ ಸಾಕಣೆಗಾರ ಆಗ ಖಾಲಿ ಎರಿಗಳನ್ನು ತೆಗೆದು, ಪೆಟ್ಟಿಗೆಯ ಕಾಲಿನ ಬಟ್ಟಲಿಗೆ ನೀರು ತುಂಬಿ, ಸಕ್ಕರೆ ಪಾಕ ಇಡುತ್ತಾನೆ. ಆ ನಾಲ್ಕು ತಿಂಗಳಲ್ಲಿ ಅವನಿಗೆ ಒಂದು ಹನಿ ಜೇನೂ ಸಿಗುವುದಿಲ್ಲ, ಕೊಡುವುದು ಮಾತ್ರ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆಯಂದಿರಿಗೆ, ಮಗಳಂದಿರಿಗೆ ಈ ಮಳೆಗಾಲ ಏನೆಂದು ವಿವರಿಸಬೇಕಾಗಿಲ್ಲ.

ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದೊಡನೆ ಚೇತರಿಕೆ. ಅಂಟುವಾಳ ಹೂ ಬಿಡುತ್ತದೆ. ಅಡಿಕೆ, ತೆಂಗುಗಳ ಪರಾಗ ಬರುತ್ತದೆ. ರಾಣಿ ಮತ್ತೆ ಚುರುಕಾಗುತ್ತಾಳೆ. ಆಗಮನ ಕಾಲದ ಹೊತ್ತಿಗೆ ಪೆಟ್ಟಿಗೆ ತುಂಬುತ್ತ ಬರುತ್ತದೆ. ಜೇನು ಸಾಕುವವರ ಪಾಲಕರಾದ ಸಂತ ಅಂಬ್ರೋಸರ ಹಬ್ಬ ಡಿಸೆಂಬರ್ 7ರಂದು ಬರುವುದು ನಮ್ಮ ನಾಡಿನಲ್ಲಿ ಸಕಾಲವೇ ಆಗಿದೆ. ತೊಟ್ಟಿಲಲ್ಲಿದ್ದ ಅವರ ಬಾಯ ಮೇಲೆ ಜೇನುನೊಣಗಳು ಬಂದು ಕುಳಿತವು, ಅವರ ಮಾತು ಜೇನಿನಂತಾಗುವುದೆಂದು ತಂದೆ ತಿಳಿದರು ಎಂಬ ಐತಿಹ್ಯವಿದೆ. ಮುಂದೆ ಮಿಲಾನಿನ ಧರ್ಮಾಧ್ಯಕ್ಷರಾಗಿ ಅವರು ಆಡಿದ ಮಾತುಗಳು ಸಂತ ಅಗಸ್ಟೀನರ ಮನಪರಿವರ್ತನೆಗೆ ನೆರವಾದವು.

ಅಲ್ಲಿಂದ ಫೆಬ್ರವರಿಯವರೆಗೆ ಪಾಲಾಗುವ ಕಾಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ರಬ್ಬರಿನ ಹೊಸ ಚಿಗುರು, ಹೂಮಳೆ ಬಿದ್ದ ಮೇಲೆ ಕಾಫಿ, ಕಾಡಿನ ನೇರಳೆ ಹೀಗೆ ಒಂದರ ಹಿಂದೊಂದು ಬಂದು, ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ ಬರುವಾಗ ಎರಿಗಳು ತುಂಬಿ ಮೇಣದ ಮುಚ್ಚಳ ಬಿದ್ದಿರುತ್ತದೆ. ಒಂದು ಕೆಲಸಗಾರ ನೊಣ ದುಡಿಯುವ ಕಾಲದಲ್ಲಿ ಬದುಕುವುದು ಐದಾರು ವಾರ. ಅದರ ಜೀವಮಾನದ ದುಡಿಮೆಯೆಲ್ಲ ಸೇರಿಸಿದರೆ ಒಂದು ಟೀ ಚಮಚ ಜೇನು ತುಂಬುವುದಿಲ್ಲ. ತಾನು ತಂದದ್ದನ್ನು ಮಳೆಗಾಲದಲ್ಲಿ ಉಣ್ಣುವುದು ಇನ್ನೂ ಹುಟ್ಟದ ತಂಗಿಯರು. ಜೇನುನೊಣ ಹಾರುವ ಜೀವಿಗಳಲ್ಲಿ ಚಿಕ್ಕದು, ಆದರೂ ಅದರ ಫಲ ಸಿಹಿಗಳಲ್ಲೆಲ್ಲ ಮೊದಲನೆಯದು ಎಂಬ ಅರ್ಥದ ಮಾತನ್ನು ಸಿರಾಖನ ಗ್ರಂಥದ 11ನೇ ಅಧ್ಯಾಯದಲ್ಲಿ ಓದುತ್ತೇವೆ. ಆಳನ್ನು ನೋಡಿ ಬೆಲೆ ಕಟ್ಟಬೇಡಿ ಎಂಬುದು ಅದರ ಉಪದೇಶ.

ಜೇನು ತೆಗೆಯುವಾಗ ಒಂದು ನಿಯಮವಿದೆ. ಮೇಲಿನ ಜೇನುಕೋಣೆಯಿಂದ ತೆಗೆಯಬಹುದು; ಕೆಳಗೆ ಮರಿಗಳಿರುವ ಕೋಣೆಯ ಜೇನನ್ನು ಮುಟ್ಟಬಾರದು. ಅದು ಅವುಗಳ ಮಳೆಗಾಲದ ಅನ್ನ. ಆಸೆಗೆ ಬಿದ್ದು ಅದನ್ನೂ ಹಿಂಡಿದವನ ಪೆಟ್ಟಿಗೆ ಆಗಸ್ಟ್‌ನಲ್ಲಿ ಖಾಲಿ. ಜೇನು ಸಿಕ್ಕಿದರೂ ಬೇಕಾದಷ್ಟನ್ನೇ ತಿನ್ನು ಎಂದು ಜ್ಞಾನೋಕ್ತಿಗಳ ಗ್ರಂಥ (25:16) ಎಚ್ಚರಿಸುವುದು ಹೊಟ್ಟೆಯ ವಿಷಯಕ್ಕೆ ಮಾತ್ರವಲ್ಲ.

ಎರಡು ಮನೆಗಳ ನಡುವಿನ ಗೋಡೆ

ಈಗ ಒಂದು ಘಟನೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ.

ಒಂದು ಹಳೆಯ ಮನೆ. ತಂದೆ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಅದನ್ನು ನಡುವೆ ಪಾಲು ಮಾಡಿಕೊಂಡರು. ತೋಟದ ಒಂದು ತುಂಡಿನ ಬಗ್ಗೆ ಒಮ್ಮತವಾಗದೆ ದಾವೆ ನ್ಯಾಯಾಲಯಕ್ಕೆ ಹೋಯಿತು. ಐದು ವರ್ಷ ಮಾತಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ಒಬ್ಬರು ಬಲಗಡೆ, ಒಬ್ಬರು ಎಡಗಡೆ. ತಾಯಿ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ.

ಎರಡು ಪಾಲಿನ ನಡುವಿನ ಹಳೆಯ ಮಣ್ಣಿನ ಗೋಡೆಯಲ್ಲಿ ತಂದೆಯ ಕಾಲದಿಂದ ತುಡುವೆ ಜೇನಿತ್ತು. ಫೆಬ್ರವರಿಯಲ್ಲಿ ತಮ್ಮನ ಮಗುವಿಗೆ ಒಂದೆರಡು ಕಡಿಯಿತು. ಸೀಮೆಎಣ್ಣೆ ಹಾಕುತ್ತೇನೆಂದು ತಮ್ಮ. ಅಪ್ಪ ಕಾಪಾಡಿದ ಜೇನು, ಮುಟ್ಟಿದರೆ ನೋಡಿಕೊಳ್ಳುತ್ತೇನೆಂದು ಅಣ್ಣ. ತಾಯಿ ನನ್ನ ಬಳಿ ಬಂದು, “ಫಾದರ್, ಮಕ್ಕಳಂತೂ ನನ್ನ ಮಾತು ಕೇಳುವುದಿಲ್ಲ. ಆ ಜೇನನ್ನಾದರೂ ಉಳಿಸಿಕೊಡಿ” ಎಂದರು. ನನಗೆ ಗಂಟೆಗೋಪುರದ ಮೆಟ್ಟಿಲು ನೆನಪಾಯಿತು.

ಜೇನು ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಸಂಜೆ ಐದರ ಹೊತ್ತಿಗೆ ಹೋದೆ. ಎಲ್ಲರೂ ಅವರನ್ನು ಅಜ್ಜ ಎಂದೇ ಕರೆಯುವುದು. ಅಜ್ಜ ಗೋಡೆಗೆ ಕಿವಿಯಿಟ್ಟು ಕೇಳಿ, ಬೆರಳಿನಿಂದ ತಟ್ಟಿ, “ಎರಿ ಎರಡೂ ಕಡೆಗಿದೆ. ಒಂದು ಕಡೆಯಿಂದ ತೆಗೆದರೆ ರಾಣಿ ಇನ್ನೊಂದು ಕಡೆಗೆ ಓಡುತ್ತಾಳೆ. ಎರಡು ಮನೆಯವರೂ ಗೋಡೆ ಬಿಡಿಸಿಕೊಡಬೇಕು” ಎಂದರು. ನಾನು ಐದು ವರ್ಷ ಉಪದೇಶ ಮಾಡಿ ಆಗದ ಕೆಲಸವನ್ನು ಅಜ್ಜ ಒಂದು ಮಾತಿನಲ್ಲಿ ಮಾಡಿದರು. ಅಣ್ಣ ಆ ಕಡೆಯಿಂದ, ತಮ್ಮ ಈ ಕಡೆಯಿಂದ ಮಣ್ಣು ಬಿಡಿಸಿದರು.

ಹೊಗೆತಿದಿಯಲ್ಲಿ ತೆಂಗಿನ ನಾರು ಹೊತ್ತಿಸಿ ಅಜ್ಜ ಸ್ವಲ್ಪವೇ ಹೊಗೆ ಊದಿದರು. ಹೊಗೆ ತಾಗಿದರೆ ನೊಣಗಳು ಹೊಟ್ಟೆತುಂಬ ಜೇನು ಹೀರಿಕೊಂಡು ಸಾಧುವಾಗುತ್ತವೆ. ಚಾಕುವಿನಿಂದ ಒಂದೊಂದೇ ಎರಿ ಬಿಡಿಸಿ, ಜೇನಿರುವ ಎರಿಯನ್ನು ಪಾತ್ರೆಗೆ, ಮರಿಯಿರುವ ಎರಿಯನ್ನು ಚೌಕಟ್ಟಿಗೆ ಹಾಕಿದರು. ಗೋಡೆಯಲ್ಲಿ ಯಾವ ತುದಿ ಮೇಲಿತ್ತೋ ಚೌಕಟ್ಟಿನಲ್ಲೂ ಅದೇ ಮೇಲೆ ಬರಬೇಕು. ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿದರೆ ಎರಡು ಮೂರು ದಿನದಲ್ಲಿ ನೊಣಗಳೇ ಮೇಣದಿಂದ ಬೆಸೆದುಕೊಳ್ಳುತ್ತವೆ. ಕತ್ತಲಾದಾಗ ಟಾರ್ಚಿಗೆ ಕೆಂಪು ಕಾಗದ ಸುತ್ತಿದರು. ಕೆಂಪು ಬೆಳಕು ಜೇನಿಗೆ ಕಾಣುವುದಿಲ್ಲವಂತೆ. ತಮ್ಮ ದೀಪ ಹಿಡಿದ, ಅಣ್ಣ ಚೌಕಟ್ಟು ಹಿಡಿದ, ಅಜ್ಜ ನಾರು ಕಟ್ಟಿದರು.

ಒಂದು ಎರಿಯ ಕೆಳತುದಿಯಲ್ಲಿ ನೆಲಗಡಲೆಯ ಸಿಪ್ಪೆಯಂತೆ ಇಳಿಬಿದ್ದ ಎರಡು ಮೂರು ಗೂಡುಗಳಿದ್ದವು. ಅಜ್ಜ ಕೈ ನಿಲ್ಲಿಸಿ, “ಇದು ರಾಣಿಕೋಶ. ಪಾಲಾಗಲು ಹೊರಟಿದ್ದವು. ಇನ್ನು ನಾಲ್ಕಾರು ದಿನಕ್ಕೆ ತಾಯಿ ಹೋಗುತ್ತಿದ್ದಳು” ಎಂದರು.

“ತಾಯಿ ಯಾಕೆ ಹೋಗುವುದು? ಹೊಸದಾಗಿ ಹುಟ್ಟಿದವಳಲ್ಲವೇ ಬೇರೆ ಮನೆ ಮಾಡಬೇಕು?” ಎಂದು ತಮ್ಮ ಕೇಳಿದ.

“ಮನುಷ್ಯರಲ್ಲಿ ಹಾಗೆ. ಜೇನಿನಲ್ಲಿ ಕಟ್ಟಿದ ಮನೆ, ತುಂಬಿದ ಎರಿ, ಮರಿಗಳು ಎಲ್ಲ ಮಗಳಿಗೆ. ತಾಯಿ ಹೊಟ್ಟೆಯಲ್ಲಿ ಹಿಡಿದಷ್ಟು ಜೇನು ಹೀರಿದ ಒಂದಷ್ಟು ನೊಣಗಳನ್ನು ಕರೆದುಕೊಂಡು ಬರಿಗೈಯಲ್ಲಿ ಹೊರಡುತ್ತಾಳೆ. ಒಂದು ಕೊಂಬೆಯಲ್ಲಿ ಕೂತು ಜಾಗ ಹುಡುಕಿಸುತ್ತಾಳೆ. ಮತ್ತೆ ಮೊದಲಿನಿಂದ ಕಟ್ಟುತ್ತಾಳೆ.”

ಯಾರೂ ಮಾತಾಡಲಿಲ್ಲ. ಹೊಸ್ತಿಲಲ್ಲಿ ಜಪಸರ ಹಿಡಿದು ಕುಳಿತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಜ್ಜ ಕುಟುಂಬವನ್ನು ಅಲ್ಲಿಯೇ ಎರಡು ಪೆಟ್ಟಿಗೆಯಾಗಿ ಪಾಲು ಮಾಡಿದರು. ರಾಣಿಕೋಶವಿರುವ ಎರಿಗಳ ಪೆಟ್ಟಿಗೆಯನ್ನು ಗೋಡೆಯ ತೂತಿದ್ದ ಕಡೆಯೇ, ಎರಡು ಅಂಗಳ ಕೂಡುವಲ್ಲಿ ಇಟ್ಟರು. ಹೊರಗೆ ಹೋದ ನೊಣಗಳು ಹಳೆಯ ಗುರುತಿಗೇ ಬರುವುದರಿಂದ ಅದು ಅಲ್ಲಿಯೇ ಇರಬೇಕು. ಹಳೆಯ ರಾಣಿಯ ಪೆಟ್ಟಿಗೆಗೆ ಬಲೆ ಮುಚ್ಚಿ ರಾತ್ರಿಯೇ ಎರಡು ಕಿಲೋಮೀಟರ್‌ಗೂ ದೂರದ ನಮ್ಮ ದೇವಾಲಯದ ತೋಟಕ್ಕೆ ಒಯ್ದೆವು. ಹತ್ತಿರದಲ್ಲಿಟ್ಟರೆ ನೊಣಗಳು ಹಳೆಯ ಜಾಗಕ್ಕೆ ಮರಳುತ್ತವೆ. ಗೋಡೆಯ ತೂತಿಗೆ ಇಬ್ಬರೂ ಸೇರಿ ಮಣ್ಣು ಮೆತ್ತಿದರು.

ಅಂದೇ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ದಾವೆ ಇನ್ನೂ ಮುಗಿದಿಲ್ಲ. ಆದರೆ ಆ ಮಳೆಗಾಲದಲ್ಲಿ ಅಣ್ಣ ಜ್ವರದಿಂದ ಮಲಗಿದಾಗ ಪೆಟ್ಟಿಗೆಗೆ ಪಾಕ ಇಟ್ಟವನು ತಮ್ಮ. “ಇರುವೆ ಬಟ್ಟಲಿಗೆ ನೀರು ಹಾಕಿದ್ದೀಯಾ?” ಎಂದು ಕಿಟಕಿಯಿಂದ ಅಣ್ಣ ಕೇಳಿದ್ದೇ ಐದು ವರ್ಷಗಳ ನಂತರದ ಮೊದಲ ಮಾತು. ಮರುವರ್ಷದ ಪಾಸ್ಕ ಹಬ್ಬಕ್ಕೆ ಆ ಪೆಟ್ಟಿಗೆಯ ಮೇಣವನ್ನು ಕರಗಿಸಿ, ಒಂದು ಚಿಕ್ಕ ಬತ್ತಿ ಮಾಡಿ, ಎರಡು ಮನೆಯ ಮಕ್ಕಳು ಪೀಠಕ್ಕೆ ತಂದರು.

ಯಾರು ಬಿಟ್ಟುಕೊಡಬೇಕು?

ಗುಂಪಿನಲ್ಲಿದ್ದ ಒಬ್ಬನು ಯೇಸುಸ್ವಾಮಿಯ ಬಳಿ, ಆಸ್ತಿಯಲ್ಲಿ ನನ್ನ ಪಾಲು ಕೊಡುವಂತೆ ಅಣ್ಣನಿಗೆ ಹೇಳಿ ಎಂದು ಕೇಳಿಕೊಂಡದ್ದನ್ನು ಸಂತ ಲೂಕರು ಬರೆದಿದ್ದಾರೆ (12:13-15). ಸ್ವಾಮಿ ಪಂಚಾಯಿತಿ ಮಾಡಲು ಒಪ್ಪಲಿಲ್ಲ. ದುರಾಸೆಯ ಬಗ್ಗೆ ಎಚ್ಚರಿಸಿದರು. ಅಳತೆಯ ಹಗ್ಗ ಹಿಡಿದು ಭೂಮಿಯನ್ನು ಪಾಲು ಮಾಡಬಹುದು, ಅದರಿಂದ ಮನಸ್ಸು ಕೂಡುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಆದಿಕಾಂಡದ 13ನೇ ಅಧ್ಯಾಯದಲ್ಲಿ ಅಬ್ರಹಾಮನು ಇದಕ್ಕೆ ದಾರಿ ತೋರಿಸಿದ್ದಾನೆ. ಅವನ ದನಗಾಹಿಗಳಿಗೂ ಲೋಟನ ದನಗಾಹಿಗಳಿಗೂ ಜಗಳವಾದಾಗ ಹಿರಿಯನಾದ ಅವನೇ ಕಿರಿಯನಿಗೆ ಮೊದಲು ಆರಿಸಿಕೊಳ್ಳಲು ಬಿಟ್ಟನು. ಬೇರೆಯಾಗುವುದು ಪಾಪವಲ್ಲ, ಪ್ರಿಯರೇ. ಮನೆ ಬೆಳೆದರೆ ಪಾಲಾಗಲೇಬೇಕು. ಹೇಗೆ ಪಾಲಾದೆವು ಎಂಬುದಕ್ಕೆ ದೇವರ ಮುಂದೆ ಲೆಕ್ಕ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಜೇನನ್ನು ನೋಡಿ ಕಲಿಯಿರಿ ಎಂದಾಕ್ಷಣ ಎಲ್ಲವನ್ನೂ ಅನುಕರಿಸಬೇಕೆಂದಲ್ಲ. ಆಹಾರ ಕಡಿಮೆಯಾದ ಕಾಲದಲ್ಲಿ ಕೆಲಸಗಾರ ನೊಣಗಳು ಗಂಡುಜೇನುಗಳನ್ನು ಹೊರದೂಡುತ್ತವೆ. ಉಪಯೋಗವಿಲ್ಲದವರಿಗೆ ಅಲ್ಲಿ ಜಾಗವಿಲ್ಲ. ನಮ್ಮ ಮನೆಗಳಲ್ಲಿ ದುಡಿಯಲಾರದ ವೃದ್ಧರಿಗೆ, ರೋಗಿಗಳಿಗೆ ಮೊದಲ ತುತ್ತು. ಬಾಣಕ್ಕೆ ಗುರಿ ಗೊತ್ತಿಲ್ಲದಿದ್ದರೂ ಬಿಲ್ಲುಗಾರನು ಅದನ್ನು ಗುರಿಗೆ ಮುಟ್ಟಿಸುವಂತೆ, ಬುದ್ಧಿಯಿಲ್ಲದ ಜೀವಿಗಳನ್ನು ದೇವರೇ ಗುರಿಯತ್ತ ನಡೆಸುತ್ತಾರೆ ಎಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದ್ದಾರೆ. ಆದ್ದರಿಂದ ಮನೆ ಬಿಟ್ಟುಕೊಡುವ ರಾಣಿಗೆ ಪುಣ್ಯವೂ ಇಲ್ಲ, ಗಂಡುಜೇನನ್ನು ದೂಡುವ ನೊಣಕ್ಕೆ ಪಾಪವೂ ಇಲ್ಲ. ನಮಗೆ ಹಾಗಲ್ಲ. ರಾಣಿ ಹುಟ್ಟುಗುಣದಿಂದ ಮಾಡುವುದನ್ನು ನಾವು ಮನಸ್ಸು ಮಾಡಿ, ನೋವು ನುಂಗಿ, ದೇವರ ವರಪ್ರಸಾದದಿಂದ ಮಾಡಬೇಕು. ದೇವರಿಗೆ ಸಮಾನರಾಗಿದ್ದೂ ತಮ್ಮನ್ನೇ ಬರಿದುಮಾಡಿಕೊಂಡ ಪ್ರಭುವಿನ ಮಕ್ಕಳು ನಾವು (ಫಿಲಿಪ್ಪಿ 2:6-7).

ಮನೆಗೆ ಜೇನು ಬಂದರೆ

ಪಾಲಾಗಿ ಬಂದ ಜೇನು ನಿಮ್ಮ ಮಾವಿನ ಕೊಂಬೆಯಲ್ಲಿ ಗೊಂಚಲಾಗಿ ಕುಳಿತರೆ ಹೆದರಬೇಡಿ, ಕಲ್ಲೆಸೆಯಬೇಡಿ, ನೀರು ಚಿಮುಕಿಸಬೇಡಿ. ಆ ಹೊತ್ತಿನಲ್ಲಿ ಕಾಯಲು ಮನೆಯಿಲ್ಲ, ಮರಿಯಿಲ್ಲ; ಹೊಟ್ಟೆ ತುಂಬಿರುತ್ತದೆ; ಕಚ್ಚುವುದು ಅಪರೂಪ. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ತಾವೇ ಹೊರಡುತ್ತವೆ. ತುಡುವೆಯಾದರೆ ಸಾಕಣೆಗಾರರಿಗೆ ತಿಳಿಸಿ. ಸಂಜೆ ಅವರು ಗೊಂಚಲಿನ ಕೆಳಗೆ ಪೆಟ್ಟಿಗೆ ಹಿಡಿದು ಕೊಂಬೆ ಕೊಡವಿ ಇಳಿಸುತ್ತಾರೆ; ರಾಣಿ ಒಳಗೆ ಸೇರಿದರೆ ಉಳಿದವು ಹಿಂದೆಯೇ ಬರುತ್ತವೆ. ಬೇರೆ ಪೆಟ್ಟಿಗೆಯಿಂದ ಮರಿಯಿರುವ ಒಂದು ಎರಿ ಕೊಟ್ಟು ಪಾಕವಿಟ್ಟರೆ ನೆಲೆನಿಲ್ಲುತ್ತವೆ.

ಹೆಜ್ಜೇನಿನ ವಿಷಯ ಬೇರೆ. ಅದನ್ನು ಪೆಟ್ಟಿಗೆಯಲ್ಲಿಡಲಾಗುವುದಿಲ್ಲ, ಕೆಣಕಿದರೆ ಅಪಾಯ. ಅದರ ಕೆಳಗೆ ಹೊಗೆ, ಪಟಾಕಿ ಬೇಡ, ಮಕ್ಕಳನ್ನು ದೂರವಿಡಿ, ಆದಷ್ಟು ಅದು ಹೋಗುವವರೆಗೆ ಕಾಯಿರಿ. ತೀರಾ ಅನಿವಾರ್ಯವಾದರೆ ಅನುಭವಿಗಳನ್ನೇ ಕರೆಯಿರಿ. ಎದ್ದ ಜೇನು ಬೆನ್ನಟ್ಟಿದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳಿ. ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಿರಿ. ಹಲವು ಕಡಿತಗಳಾದರೆ, ಒಂದೇ ಕಡಿತಕ್ಕೂ ಉಸಿರು ಕಟ್ಟಿದರೆ, ಮುಖ ಊದಿದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಹೂ ಬಿಟ್ಟ ತೋಟಕ್ಕೆ ವಿಷದ ಔಷಧ ಹೊಡೆಯಬೇಡಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೊಡಗು, ದಕ್ಷಿಣ ಕನ್ನಡಗಳ ತುಡುವೆ ಪೆಟ್ಟಿಗೆಗಳು ಬಹುಪಾಲು ಖಾಲಿಯಾದದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. ಉಳಿದ ಕೆಲವೇ ಕುಟುಂಬಗಳಿಂದ ಮತ್ತೆ ಬೆಳೆಸಿದ್ದು ಇಂದು ನಮ್ಮ ಕೈಯಲ್ಲಿದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ಪತ್ರದಲ್ಲಿ ಕೃಷಿವಿಷಗಳಿಂದ ಪಕ್ಷಿ, ಕೀಟಗಳು ಮರೆಯಾಗುತ್ತಿರುವುದರ ಬಗ್ಗೆ ನೊಂದು ಬರೆದರು. ಅದನ್ನು ಓದುವಾಗ ನನ್ನ ಕಣ್ಣಮುಂದೆ ಬಂದದ್ದು ಆ ಮೆಟ್ಟಿಲು.

ಪಾಸ್ಕ ಜಾಗರಣೆಯ ರಾತ್ರಿ ಕತ್ತಲ ದೇವಾಲಯಕ್ಕೆ ಮೋಂಬತ್ತಿಯನ್ನು ತಂದ ಮೇಲೆ ಹಾಡುವ ಪಾಸ್ಕ ಘೋಷಣೆಯಲ್ಲಿ ಧರ್ಮಸಭೆ ಜೇನುನೊಣವನ್ನು ನೆನೆಯುತ್ತದೆ. ಲತೀನ್ ಮೂಲದಲ್ಲಿ ಅದಕ್ಕೆ ‘ತಾಯಿ’ ಎಂದು ಹೆಸರು. ಮುಂದಿನ ಸಲ ಆ ಬತ್ತಿಯಿಂದ ನಿಮ್ಮ ಬತ್ತಿ ಹಚ್ಚಿಕೊಳ್ಳುವಾಗ, ಪಕ್ಕದ ಸಾಲಿನಲ್ಲಿ ನೀವು ಮಾತು ಬಿಟ್ಟ ಒಡಹುಟ್ಟಿದವರು ನಿಂತಿದ್ದಾರೆಯೇ ಎಂದು ನೋಡಿ. ಬೆಳಕನ್ನು ಮೊದಲು ಅವರಿಗೆ ದಾಟಿಸಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೋ ಎಂದವರು (ಮತ್ತಾಯ 5:23-24) ಪ್ರಭುವೇ.

ಪ್ರಾರ್ಥನೆ: ಸೃಷ್ಟಿಕರ್ತರಾದ ದೇವರೇ, ಚಿಕ್ಕ ನೊಣಕ್ಕೂ ಮನೆ ಕಟ್ಟಲು ಕಲಿಸಿದವರು ನೀವು. ನಾವು ಅವಸರದಿಂದ ಸುಟ್ಟದ್ದನ್ನು ಕ್ಷಮಿಸಿರಿ. ಪಾಲಾದ ನಮ್ಮ ಮನೆಗಳಲ್ಲಿ ಮೊದಲು ಬಿಟ್ಟುಕೊಡುವ ಮನಸ್ಸನ್ನು, ಮೊದಲು ಮಾತಾಡುವ ಧೈರ್ಯವನ್ನು ಅನುಗ್ರಹಿಸಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.